ಹಳೇ ಕಂಪ್ಯೂಟರ್‌ಗೆ ಐ3 ವಿಂಡೋ ಮ್ಯಾನೇಜರ್: ಯಾವ ಕ್ರಮದಲ್ಲಿ ಹಾಕಬೇಕು, ಎಲ್ಲಿ ಎಡವುತ್ತೀರಿ

ಲಾಗಿನ್ ಆದ ಕೂಡಲೇ ಕಪ್ಪು ಪರದೆ, ಕೆಳಗೆ ಒಂದು ಸಣ್ಣ ಪಟ್ಟಿ. ಮೌಸ್ ಆಡಿಸಿದರೆ ಬಾಣ ಓಡಾಡುತ್ತದೆ, ಒತ್ತಿದರೆ ಏನೂ ತೆರೆಯುವುದಿಲ್ಲ. ವೈಫೈ ಗುರುತು ಕಾಣೆ, ಕನ್ನಡ ಮೂಡುತ್ತಿಲ್ಲ, ಶಟ್‌ಡೌನ್ ಎಲ್ಲಿದೆಯೋ ಗೊತ್ತಿಲ್ಲ. ಲಿನಕ್ಸ್ ಯಂತ್ರಕ್ಕೆ ಐ3 ಹಾಕಿಕೊಂಡವರಲ್ಲಿ ಬಹಳಷ್ಟು ಮಂದಿ ವಾಪಸ್ ಹೋಗುವುದು ಈ ಪರದೆಯಿಂದಲೇ.

ವಿಂಡೋ ಮ್ಯಾನೇಜರ್ ಮಾಡುವುದು ಒಂದೇ ಕೆಲಸ: ಕಿಟಕಿಗಳನ್ನು ಪರದೆಯ ಮೇಲೆ ಜೋಡಿಸುವುದು. ನೆಟ್‌ವರ್ಕ್, ಪೆನ್‌ಡ್ರೈವ್, ಬ್ಯಾಟರಿ ಎಚ್ಚರಿಕೆ, ಕನ್ನಡ ಕೀಬೋರ್ಡ್ ಇವನ್ನೆಲ್ಲ ಇಷ್ಟು ದಿನ ನಿಮ್ಮ ಡೆಸ್ಕ್‌ಟಾಪ್ ಸದ್ದಿಲ್ಲದೆ ಶುರು ಮಾಡುತ್ತಿತ್ತು. ಇನ್ನು ಮುಂದೆ ಅವನ್ನು ನೀವೇ ಶುರು ಮಾಡಬೇಕು. ಆ ಪ್ರೋಗ್ರಾಂಗಳಲ್ಲಿ ಬಹುಪಾಲು ಡಿಸ್ಕ್‌ನಲ್ಲಿ ಈಗಾಗಲೇ ಇವೆ, ಕರೆಯುವವರಿಲ್ಲ ಅಷ್ಟೇ. ಈ ಮಾರ್ಗದರ್ಶಿಯ ಮುಕ್ಕಾಲು ಪಾಲು ಅವನ್ನು ಕರೆಯುವುದರ ಬಗ್ಗೆಯೇ ಇದೆ.

ಲೆಕ್ಕಕ್ಕೆ ಹಿಡಿದಿರುವ ಯಂತ್ರ ಬಳ್ಳಾರಿ, ರಾಯಚೂರು, ಕೊಪ್ಪಳದ ಡಿಟಿಪಿ ಅಂಗಡಿ, ಆನ್‌ಲೈನ್ ಸೆಂಟರ್, ಹಾಸ್ಟೆಲ್ ಕೋಣೆಗಳಲ್ಲಿ ಸಾಮಾನ್ಯವಾಗಿ ಕಾಣುವಂಥದು: 4 ಜಿಬಿ ರ‍್ಯಾಮ್, ಎಂಟು-ಹತ್ತು ವರ್ಷ ಹಳೆಯದು, ಮೇಲೆ ಡೆಬಿಯನ್ 12 ಅಥವಾ 13, ಜೊತೆಗೆ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್. ಉಬುಂಟು, ಮಿಂಟ್ ಇದ್ದವರಿಗೂ ಬಹುಪಾಲು ಇದೇ ದಾರಿ.

ಡಿಡಬ್ಲ್ಯೂಎಂ ಎಂಬ ಇನ್ನೊಂದು ವಿಂಡೋ ಮ್ಯಾನೇಜರ್ ಇನ್ನೂ ಸಣ್ಣದು ಎಂದು ಕೇಳಿರುತ್ತೀರಿ, ನಿಜ. ಆದರೆ ಅದರಲ್ಲಿ ಒಂದು ಕೀ ಬದಲಿಸಬೇಕೆಂದರೂ ಸಿ ಕೋಡ್ ತಿದ್ದಿ ಮತ್ತೆ ಕಂಪೈಲ್ ಮಾಡಬೇಕು. ಮೊದಲ ಸಲಕ್ಕೆ ಐ3 ಸಾಕು. ಅದರ ಸೆಟ್ಟಿಂಗ್ ಒಂದು ಸಾದಾ ಪಠ್ಯ ಕಡತ, ತಪ್ಪು ಬರೆದರೆ ಯಾವ ಸಾಲು ಎಂದು ತಾನೇ ಹೇಳುತ್ತದೆ.

ಒಂದು ಸೂಚನೆ: ಆಜ್ಞೆಗಳನ್ನು ಇಲ್ಲಿ ಓದಿಕೊಳ್ಳುವ ಹಾಗೆ ಕನ್ನಡ ಅಕ್ಷರದಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಹಾಕಿ. ಕಾಗುಣಿತ ಅನುಮಾನವಾದರೆ ಮೊದಲ ಮೂರು ಅಕ್ಷರ ಬರೆದು ಟ್ಯಾಬ್ ಕೀ ಎರಡು ಸಲ ಒತ್ತಿ, ಟರ್ಮಿನಲ್ಲೇ ಉಳಿದದ್ದನ್ನು ತೋರಿಸುತ್ತದೆ.

## ಶುರು ಮಾಡುವ ಮುಂಚೆ

ಕೈಯಲ್ಲಿ ಇರಬೇಕಾದ್ದು: ಇಂಟರ್‌ನೆಟ್ (ಮೊಬೈಲ್‌ನಿಂದ ಯುಎಸ್‌ಬಿ ಟೆಥರಿಂಗ್ ಆದರೂ ನಡೆಯುತ್ತದೆ), ಸುಡೋ ಅಧಿಕಾರ (ಅಡ್ಮಿನ್ ಅಧಿಕಾರ) ಇರುವ ಬಳಕೆದಾರ ಖಾತೆ, ಮತ್ತು ಈ ಪುಟ ತೆರೆದಿಟ್ಟ ಫೋನ್. ಪರದೆ ಕಪ್ಪಾದ ಮೇಲೆ ಅದೇ ಪರದೆಯಲ್ಲಿ ಓದಿಕೊಳ್ಳಲು ಆಗುವುದಿಲ್ಲ.

ಕರೆಂಟ್ ಬಗ್ಗೆ ಯೋಚಿಸಿ. ಪ್ಯಾಕೇಜ್ ಇನ್‌ಸ್ಟಾಲ್ ಆಗುತ್ತಿರುವಾಗ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆರಿಹೋದರೆ ಪ್ಯಾಕೇಜ್‌ಗಳು ಅರ್ಧಕ್ಕೆ ನಿಲ್ಲುತ್ತವೆ, ಮುಂದಿನ ಸಲ ಏನೇ ಇನ್‌ಸ್ಟಾಲ್ ಮಾಡಲು ಹೋದರೂ ಎರರ್ ಬರುತ್ತದೆ. ಆಗ ಮತ್ತೆ ಮತ್ತೆ ಅದೇ ಆಜ್ಞೆ ಕೊಡಬೇಡಿ. ಮೊದಲು ‘ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ’, ನಂತರ ‘ಸುಡೋ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’. ಇದೇ ಕ್ರಮ. ಮಳೆಗಾಲಕ್ಕೆ ಮುಂಚಿನ ಗಾಳಿ ಎದ್ದ ಸಂಜೆ ಈ ಕೆಲಸಕ್ಕೆ ಕೂರದಿದ್ದರೆ ಇನ್ನೂ ಒಳ್ಳೆಯದು.

ಮುಖ್ಯವಾಗಿ, ಎಕ್ಸ್‌ಎಫ್‌ಸಿಇ ತೆಗೆಯಬೇಡಿ. ಐ3ಯಲ್ಲಿ ಏನಾದರೂ ಕೈಕೊಟ್ಟರೆ ಲಾಗ್‌ಔಟ್ ಆಗಿ ಹಳೇ ಡೆಸ್ಕ್‌ಟಾಪ್‌ಗೆ ಹೋಗಿ ಗಿರಾಕಿಯ ಕೆಲಸ ಮುಗಿಸಿಕೊಡಬಹುದು.

## ಹಂತ 1: ಇನ್‌ಸ್ಟಾಲ್

‘ಸುಡೋ ಆಪ್ಟ್ ಅಪ್‌ಡೇಟ್’ ಆದ ಮೇಲೆ ‘ಸುಡೋ ಆಪ್ಟ್ ಇನ್‌ಸ್ಟಾಲ್ ಐ3’. ಇದರ ಜೊತೆಗೇ ಐ3ಸ್ಟೇಟಸ್ (ಕೆಳಗಿನ ಪಟ್ಟಿಯ ಮಾಹಿತಿ), ಐ3ಲಾಕ್ (ಪರದೆಗೆ ಬೀಗ) ಮತ್ತು ಆಪ್ ತೆರೆಯುವ ಡಿಮೆನು ಬರಬೇಕು. ಡಿಮೆನು ಇರುವುದು ‘ಸಕ್‌ಲೆಸ್-ಟೂಲ್ಸ್’ ಎಂಬ ಪ್ಯಾಕೇಜಿನಲ್ಲಿ. ಡೇಟಾ ಉಳಿಸಲೆಂದು ‘ನೋ-ಇನ್‌ಸ್ಟಾಲ್-ರೆಕಮೆಂಡ್ಸ್’ ಸೇರಿಸಿದವರಿಗೆ ಇವು ಬಂದಿರುವುದಿಲ್ಲ, ಪರದೆ ನಿಜಕ್ಕೂ ಖಾಲಿ ಇರುತ್ತದೆ.

ಜೊತೆಗೆ ಇಷ್ಟನ್ನು ಈಗಲೇ ಹಾಕಿಕೊಳ್ಳಿ: ರೋಫಿ, ಎಕ್ಸ್‌ಎಸ್‌ಎಸ್-ಲಾಕ್, ಎಲ್‌ಎಕ್ಸ್‌ಪೋಲ್‌ಕಿಟ್, ನಮ್‌ಲಾಕ್‌ಎಕ್ಸ್, ಐಬಸ್-ಎಂ17ಎನ್, ಮತ್ತು ಕನ್ನಡ ಅಕ್ಷರಗಳ ‘ಫಾಂಟ್ಸ್-ಕೆಎನ್‌ಡಿಎ’. ಪ್ರತಿಯೊಂದೂ ಯಾಕೆ ಬೇಕು ಎಂಬುದು ಮುಂದೆ ಬರುತ್ತದೆ.

## ಹಂತ 2: ಮೊದಲ ಲಾಗಿನ್

1. ಲಾಗ್‌ಔಟ್ ಆಗಿ. ಪಾಸ್‌ವರ್ಡ್ ಕೇಳುವ ಪರದೆಯ ಮೇಲ್ಭಾಗದಲ್ಲಿ ಸೆಷನ್ ಆರಿಸುವ ಸಣ್ಣ ಗುರುತು ಇದೆ. ಅಲ್ಲಿ ಐ3 ಆರಿಸಿ. ‘ಐ3 ವಿತ್ ಡೀಬಗ್ ಲಾಗ್’ ಎಂಬುದೂ ಕಾಣುತ್ತದೆ, ಅದು ಬೇಡ.

2. ಒಳಗೆ ಹೋದ ಕೂಡಲೇ ಕಾನ್ಫಿಗ್ ಕಡತ (ಐ3ಯ ಸೆಟ್ಟಿಂಗ್ ಬರೆದಿರುವ ಕಡತ) ಮಾಡಲೇ ಎಂದು ಕೇಳುತ್ತದೆ. ಎಂಟರ್ ಒತ್ತಿ. ಇಲ್ಲಿ ಎಸ್ಕೇಪ್ ಒತ್ತಿದವರಿಗೆ ಸ್ವಂತ ಕಡತವೇ ಇರುವುದಿಲ್ಲ.

3. ಮುಂದೆ ಮಾಡ್ ಕೀ, ಅಂದರೆ ಐ3ಗೆ ಆಜ್ಞೆ ಕೊಡುವಾಗ ಜೊತೆಗೆ ಒತ್ತಿ ಹಿಡಿಯುವ ಕೀ, ಯಾವುದು ಎಂದು ಕೇಳುತ್ತದೆ: ವಿನ್ ಅಥವಾ ಆಲ್ಟ್. ವಿನ್ ಆರಿಸಿ.

ಆಲ್ಟ್ ಆರಿಸಿದರೆ ಆಗುವ ತೊಂದರೆ ಆ ಕ್ಷಣಕ್ಕೆ ಗೊತ್ತಾಗುವುದಿಲ್ಲ. ಲಿಬ್ರೆಆಫೀಸ್‌ನಲ್ಲಿ ಆಲ್ಟ್+ಎಫ್ ಒತ್ತಿ ಫೈಲ್ ಮೆನು ತೆರೆಯಲು ಹೋದರೆ ಕಿಟಕಿ ಪೂರ್ತಿ ಪರದೆ ಆಕ್ರಮಿಸುತ್ತದೆ. ಬ್ರೌಸರ್‌ನಲ್ಲಿ ಆಲ್ಟ್+ಡಿ ಒತ್ತಿದರೆ ವಿಳಾಸ ಪಟ್ಟಿಯ ಬದಲು ಡಿಮೆನು ಬರುತ್ತದೆ. ವಿನ್ ಕೀ ಇಲ್ಲದ ಅಥವಾ ಆ ಕೀ ಸತ್ತುಹೋದ ಕೀಬೋರ್ಡ್ ಇದ್ದರೆ ಮಾತ್ರ ಆಲ್ಟ್.

ಕಡತ ಕೂತಿರುವುದು ನಿಮ್ಮ ಹೋಮ್‌ನ ‘.ಕಾನ್ಫಿಗ್/ಐ3/ಕಾನ್ಫಿಗ್’ ಎಂಬಲ್ಲಿ. ಇಡೀ ಯಂತ್ರದ ಸೆಟ್ಟಿಂಗ್‌ಗಳಿರುವ ಇಟಿಸಿ ಫೋಲ್ಡರ್‌ನಲ್ಲೂ ಒಂದು ಐ3 ಕಾನ್ಫಿಗ್ ಇದೆ. ಅದನ್ನು ತಿದ್ದಿ ಏನೂ ಬದಲಾಗಲಿಲ್ಲ ಎನ್ನುವವರು ಬಹಳ. ಅನುಮಾನ ಬಂದಾಗ ‘ಐ3 --ಮೋರ್‌ವರ್ಷನ್’ ಕೊಡಿ, ಯಾವ ಕಡತ ಓದಿಕೊಂಡಿದೆ ಎಂದು ದಾರಿ ಸಮೇತ ತೋರಿಸುತ್ತದೆ.

## ಹಂತ 3: ಕೈಗೆ ಕೀ ಹತ್ತಿಸುವುದು

ಈ ಹಂತ ಮುಗಿಯುವವರೆಗೆ ಕಾನ್ಫಿಗ್ ಕಡತ ಮುಟ್ಟಬೇಡಿ. ಬಣ್ಣ, ವಾಲ್‌ಪೇಪರ್, ಇನ್ಯಾರದೋ ಕಾನ್ಫಿಗ್ ನಕಲು ಇವುಗಳಿಂದ ಶುರು ಮಾಡುವುದೇ ಅತಿ ಹೆಚ್ಚು ಮಂದಿ ಮಾಡುವ ತಪ್ಪು. ನಕಲು ತಂದ ಕಡತದಲ್ಲಿ ನಿಮ್ಮ ಯಂತ್ರದಲ್ಲಿಲ್ಲದ ಹತ್ತು ಪ್ರೋಗ್ರಾಂಗಳ ಹೆಸರಿರುತ್ತದೆ, ಕೀಗಳೂ ಬೇರೆ ಇರುತ್ತವೆ. ಆಗ ಯಾವ ಮಾರ್ಗದರ್ಶಿಯೂ ನಿಮಗೆ ಹೊಂದುವುದಿಲ್ಲ.

ಬೇಕಾದ ಕೀಗಳು ಇಷ್ಟೇ. ಮಾಡ್+ಎಂಟರ್ ಟರ್ಮಿನಲ್. ಮಾಡ್+ಡಿ ಆಪ್ ಹುಡುಕಲು. ಮಾಡ್+ಶಿಫ್ಟ್+ಕ್ಯೂ ಕಿಟಕಿ ಮುಚ್ಚಲು. ಮಾಡ್ ಜೊತೆ ಬಾಣದ ಕೀ ಒತ್ತಿದರೆ ಪಕ್ಕದ ಕಿಟಕಿಗೆ ಹೋಗುತ್ತೀರಿ, ಅದರ ಜೊತೆ ಶಿಫ್ಟ್ ಸೇರಿಸಿದರೆ ಕಿಟಕಿಯೇ ಪಕ್ಕಕ್ಕೆ ಸರಿಯುತ್ತದೆ. ಮಾಡ್+1ರಿಂದ ಮಾಡ್+0ವರೆಗೆ ಹತ್ತು ವರ್ಕ್‌ಸ್ಪೇಸ್, ಅಂದರೆ ಒಂದೇ ಯಂತ್ರದಲ್ಲಿ ಹತ್ತು ಬೇರೆ ಬೇರೆ ಪರದೆ ಇದ್ದ ಹಾಗೆ. ಮಾಡ್+ಎಫ್ ಪೂರ್ಣ ಪರದೆ. ಮಾಡ್+ಶಿಫ್ಟ್+ಇ ಹೊರಗೆ ಹೋಗಲು.

ಮಾಡ್+ಎಂಟರ್ ಒತ್ತಿದರೂ ಏನೂ ಬಾರದಿದ್ದರೆ ಯಂತ್ರದಲ್ಲಿ ಐ3ಗೆ ಗೊತ್ತಿರುವ ಟರ್ಮಿನಲ್ ಇಲ್ಲ ಎಂದರ್ಥ. ಎಕ್ಸ್‌ಟರ್ಮ್ ಆದರೂ ಹಾಕಿಕೊಳ್ಳಿ.

### ಕಿಟಕಿ ಸೀಳುವ ಕ್ರಮ

ಎಲ್ಲರೂ ಸಿಕ್ಕಿಬೀಳುವ ಜಾಗ ಇದು, ಹಾಗಾಗಿ ನಿಧಾನವಾಗಿ ನೋಡೋಣ. ನಿಮಗೆ ಬೇಕಿರುವುದು ಎಡಕ್ಕೆ ಬ್ರೌಸರ್, ಬಲಕ್ಕೆ ಮೇಲೆ ಕಡತಗಳ ಕಿಟಕಿ, ಅದರ ಕೆಳಗೆ ಟರ್ಮಿನಲ್ ಎಂದಿಟ್ಟುಕೊಳ್ಳಿ. ಬ್ರೌಸರ್ ತೆರೆಯಿರಿ, ಪೂರ್ತಿ ಪರದೆ ತುಂಬುತ್ತದೆ. ಕಡತಗಳ ಕಿಟಕಿ ತೆರೆಯಿರಿ, ಪರದೆ ಎಡ-ಬಲ ಎರಡು ಭಾಗವಾಗುತ್ತದೆ. ಈಗ ನೇರವಾಗಿ ಟರ್ಮಿನಲ್ ತೆರೆದರೆ ಮೂರು ಸಣಕಲು ಕಂಬಗಳು ನಿಲ್ಲುತ್ತವೆ. ಅದಕ್ಕೆ ಮುಂಚೆ, ಗಮನ (ಫೋಕಸ್) ಕಡತಗಳ ಕಿಟಕಿಯ ಮೇಲೆ ಇರುವಾಗ, ಮಾಡ್+ವಿ ಒತ್ತಬೇಕು. ನೋಡಲು ಏನೂ ಆಗಿರುವುದಿಲ್ಲ, ಆ ಕಿಟಕಿಯ ಅಂಚಿನ ಬಣ್ಣ ಒಂದು ಬದಿ ಬದಲಾಗಿರುತ್ತದೆ ಅಷ್ಟೇ. ಆಮೇಲೆ ಮಾಡ್+ಎಂಟರ್. ಟರ್ಮಿನಲ್ ಈಗ ಕೆಳಗೆ ಬಂದು ಕೂರುತ್ತದೆ.

ಸೂತ್ರ ಇದು: ಮೊದಲು ದಿಕ್ಕು, ಆಮೇಲೆ ಕಿಟಕಿ. ಮಾಡ್+ವಿ ಕೆಳಕ್ಕೆ, ಮಾಡ್+ಎಚ್ ಪಕ್ಕಕ್ಕೆ. ಸುಮ್ಮನೆ ಮಾಡ್+ವಿ, ಮಾಡ್+ಎಚ್ ಬೆರೆಸಿ ಒತ್ತುತ್ತಾ ಹೋದರೆ ಪೆಟ್ಟಿಗೆಯೊಳಗೆ ಪೆಟ್ಟಿಗೆ ಹುಟ್ಟಿ, ಆಮೇಲೆ ಕಿಟಕಿ ಸರಿಸಲು ಹೋದರೆ ಎಲ್ಲಿಗೋ ಹೋಗುತ್ತದೆ. ಅಷ್ಟು ಗೋಜಲಾದಾಗ ಬಿಡಿಸಲು ಕೂರಬೇಡಿ. ಖಾಲಿ ವರ್ಕ್‌ಸ್ಪೇಸ್‌ಗೆ ಕಿಟಕಿಗಳನ್ನು ಒಂದೊಂದಾಗಿ ಕಳಿಸಿ ಹೊಸದಾಗಿ ಜೋಡಿಸುವುದು ಬೇಗ ಆಗುತ್ತದೆ.

14-15 ಇಂಚಿನ ಪರದೆಯಲ್ಲಿ ಸೀಳುವುದಕ್ಕಿಂತ ಟ್ಯಾಬ್ ವಾಸಿ. ಮಾಡ್+ಡಬ್ಲ್ಯೂ ಒತ್ತಿದರೆ ಆ ಪೆಟ್ಟಿಗೆಯಲ್ಲಿರುವ ಕಿಟಕಿಗಳೆಲ್ಲ ಬ್ರೌಸರ್ ಟ್ಯಾಬ್‌ಗಳ ಹಾಗೆ ಒಂದರ ಹಿಂದೆ ಒಂದು ಕೂರುತ್ತವೆ. ಮಾಡ್+ಇ ಒತ್ತಿದರೆ ಮತ್ತೆ ಸೀಳಿದ ನೋಟ. ಸಣ್ಣ ಪರದೆಯವರು ಇದೊಂದನ್ನೇ ಬಳಸಿದರೂ ಕೆಲಸ ನಡೆಯುತ್ತದೆ.

### ಕಿಟಕಿ ಮಾಯವಾಯಿತೇ?

ಮಾಡ್+ಶಿಫ್ಟ್+3 ಒತ್ತಿದರೆ ಕಿಟಕಿ 3ನೇ ವರ್ಕ್‌ಸ್ಪೇಸ್‌ಗೆ ಹೋಗುತ್ತದೆ, ನೀವು ಇದ್ದಲ್ಲೇ ಉಳಿಯುತ್ತೀರಿ. ಅದು ಮುಚ್ಚಿಹೋಯಿತು ಎಂದು ತಿಳಿದು ಅದೇ ಅರ್ಜಿಯನ್ನು ಮತ್ತೊಂದು ಕಿಟಕಿಯಲ್ಲಿ ಮೊದಲಿನಿಂದ ತುಂಬುವವರಿದ್ದಾರೆ. ಕೆಳಗಿನ ಪಟ್ಟಿಯ ಎಡಮೂಲೆ ನೋಡಿ: ಅಲ್ಲಿ 3 ಎಂಬ ಅಂಕಿ ಹೊಸದಾಗಿ ಕಂಡರೆ ಕಿಟಕಿ ಅಲ್ಲಿದೆ. ಖಾಲಿ ವರ್ಕ್‌ಸ್ಪೇಸ್‌ನ ಅಂಕಿ ಪಟ್ಟಿಯಲ್ಲಿ ಇರುವುದೇ ಇಲ್ಲ.

## ಹಂತ 4: ಕಾನ್ಫಿಗ್ ತಿದ್ದುವ ಶಿಸ್ತು

1. ಮೂಲ ಕಡತದ ಪ್ರತಿ ಇಟ್ಟುಕೊಳ್ಳಿ, ಹೆಸರಿನ ಕೊನೆಗೆ ತಾರೀಖು ಹಾಕಿ.
2. ಒಂದು ಸಲಕ್ಕೆ ಒಂದೇ ಬದಲಾವಣೆ.
3. ಉಳಿಸಿದ ಮೇಲೆ ‘ಐ3 -ಸಿ’ ಕೊಟ್ಟು ತಪ್ಪಿದೆಯೇ ನೋಡಿ. ಇಲ್ಲಿನ ಸಿ ಮಾತ್ರ ದೊಡ್ಡಕ್ಷರ. ಸಣ್ಣ ಸಿಗೆ ಅರ್ಥ ಬೇರೆ.
4. ಮಾಡ್+ಶಿಫ್ಟ್+ಸಿ ಒತ್ತಿ ಕಡತ ಮತ್ತೆ ಓದಿಸಿ.

ಮೇಲೆ ಕೆಂಪು ಪಟ್ಟಿ ಬಂದರೆ ಗಾಬರಿ ಬೇಡ. ಅದರಲ್ಲಿರುವ ಎರರ್ ತೋರಿಸುವ ಗುಂಡಿ ಒತ್ತಿದರೆ ಸಾಲಿನ ಸಂಖ್ಯೆ ಸಿಗುತ್ತದೆ. ಹೆಚ್ಚಾಗಿ ಕಾರಣ ಎರಡೇ: ಒಂದೇ ಕೀಗೆ ಎರಡು ಕೆಲಸ ಕೊಟ್ಟಿರುವುದು, ಇಲ್ಲವೇ ಫೋನಿನಿಂದ ನಕಲು ಮಾಡುವಾಗ ನೇರ ಉದ್ಧರಣ ಚಿಹ್ನೆ ಡೊಂಕು ಚಿಹ್ನೆಯಾಗಿ ಬಂದಿರುವುದು.

ಲಾಗಿನ್ ಆದಾಗ ತಾನಾಗಿ ಶುರುವಾಗಬೇಕಾದ ಪ್ರೋಗ್ರಾಂಗೆ ‘ಎಕ್ಸೆಕ್ --ನೋ-ಸ್ಟಾರ್ಟಪ್-ಐಡಿ’ ಎಂದು ಬರೆದು ಮುಂದೆ ಅದರ ಹೆಸರು ಹಾಕಬೇಕು. ನಡುವಿನ ಆ ‘ನೋ-ಸ್ಟಾರ್ಟಪ್-ಐಡಿ’ ಬಿಟ್ಟರೆ ಮೌಸ್ ಬಾಣ ಒಂದು ನಿಮಿಷ ಗಡಿಯಾರವಾಗಿ ಸುತ್ತುತ್ತಿರುತ್ತದೆ. ಎಕ್ಸೆಕ್ ಸಾಲುಗಳು ಓಡುವುದು ಲಾಗಿನ್ ಆದಾಗ ಮಾತ್ರ. ಹೊಸ ಸಾಲು ಸೇರಿಸಿ ಮಾಡ್+ಶಿಫ್ಟ್+ಸಿ ಒತ್ತಿ ಕಾಯುತ್ತಾ ಕೂತರೆ ಏನೂ ಬರುವುದಿಲ್ಲ. ಲಾಗ್‌ಔಟ್ ಆಗಿ ಬನ್ನಿ. ಇದಕ್ಕೆ ಪರಿಹಾರವೆಂದು ಎಲ್ಲಕ್ಕೂ ‘ಎಕ್ಸೆಕ್_ಆಲ್ವೇಸ್’ ಬರೆದರೆ ಪ್ರತಿ ರೀಸ್ಟಾರ್ಟ್‌ಗೆ ಹಿನ್ನೆಲೆ ಪ್ರೋಗ್ರಾಂಗಳ ಇನ್ನೊಂದು ಪ್ರತಿ ಸೇರಿಕೊಳ್ಳುವ ಸಾಧ್ಯತೆ ಇದೆ. ರ‍್ಯಾಮ್ ಉಳಿಸಲು ಬಂದವರು ರ‍್ಯಾಮ್ ಕಳೆದುಕೊಳ್ಳುವ ದಾರಿ ಅದು.

## ಹಂತ 5: ಡೆಸ್ಕ್‌ಟಾಪ್ ಮಾಡುತ್ತಿದ್ದ ಕೆಲಸಗಳನ್ನು ತುಂಬುವುದು

ಪ್ರತಿಯೊಂದಕ್ಕೂ ಕಾನ್ಫಿಗ್‌ನ ಕೊನೆಗೆ ಒಂದು ಎಕ್ಸೆಕ್ ಸಾಲು. ಎಲ್ಲವನ್ನೂ ಒಟ್ಟಿಗೆ ಹಾಕದೆ ಒಂದೊಂದೇ ಹಾಕಿ, ಲಾಗಿನ್ ಆಗಿ ಪರೀಕ್ಷಿಸಿ.

ವೈಫೈ. ‘ಎನ್‌ಎಂ-ಆಪ್ಲೆಟ್’ ಸಾಲು ಹೊಸ ಐ3 ಕಾನ್ಫಿಗ್‌ನಲ್ಲಿ ಮೊದಲೇ ಇರುತ್ತದೆ. ಗುರುತು ಪಟ್ಟಿಯ ಬಲಮೂಲೆಯಲ್ಲಿ ಕಾಣದಿದ್ದರೆ ಟರ್ಮಿನಲ್‌ನಲ್ಲಿ ‘ಎನ್‌ಎಂಟಿಯುಐ’ ಕೊಟ್ಟು ಅಲ್ಲಿಂದಲೇ ವೈಫೈ ಜೋಡಿಸಬಹುದು.

ಪಾಸ್‌ವರ್ಡ್ ಕೇಳುವ ಕಿಟಕಿ. ಪ್ರಿಂಟರ್ ಸೇರಿಸಲು, ಡಿಸ್ಕ್ ತೆರೆಯಲು ಹೋದಾಗ ಅಧಿಕಾರ ಇಲ್ಲ ಎಂದು ಸುಮ್ಮನಾಗಿಬಿಟ್ಟರೆ ಕೇಳುವವರಿಲ್ಲ ಎಂದರ್ಥ. ‘ಎಲ್‌ಎಕ್ಸ್‌ಪೋಲ್‌ಕಿಟ್’ ಸಾಲು ಹಾಕಿ. ಇದನ್ನು ಬಿಟ್ಟವರು ಪ್ರಿಂಟರ್ ಡ್ರೈವರ್ ಸರಿಯಿಲ್ಲ ಎಂದುಕೊಂಡು ಅರ್ಧ ದಿನ ಕಳೆಯುತ್ತಾರೆ.

ಪೆನ್‌ಡ್ರೈವ್. ‘ಥೂನಾರ್ --ಡೀಮನ್’. ಥೂನಾರ್ ಎಂದರೆ ಎಕ್ಸ್‌ಎಫ್‌ಸಿಇಯ ಕಡತಗಳ ಕಿಟಕಿ. ಗಿರಾಕಿ ಕೊಟ್ಟ ಪೆನ್‌ಡ್ರೈವ್ ಥೂನಾರ್‌ನ ಎಡಪಟ್ಟಿಯಲ್ಲಿ ಕಾಣುತ್ತದೆ. ಕೀಳುವ ಮುಂಚೆ ಅಲ್ಲೇ ಇಜೆಕ್ಟ್ ಒತ್ತಬೇಕು. ನಕಲು ಮುಗಿದ ಹಾಗೆ ಕಂಡರೂ ಡೇಟಾ ಇನ್ನೂ ರ‍್ಯಾಮ್‌ನಲ್ಲೇ ಇರಬಹುದು.

ಬ್ಯಾಟರಿ ಎಚ್ಚರಿಕೆ. ಲ್ಯಾಪ್‌ಟಾಪ್‌ನವರು ಇದನ್ನು ದಾಟಿಸಲೇಬೇಡಿ. ಐ3 ತಾನಾಗಿ ಬ್ಯಾಟರಿ ಕಡಿಮೆಯಾಯಿತು ಎಂದು ಹೇಳುವುದಿಲ್ಲ. ಕರೆಂಟ್ ಹೋದದ್ದು ಫ್ಯಾನ್ ನಿಂತಾಗ ಗೊತ್ತಾಗುತ್ತದೆ, ಬ್ಯಾಟರಿ ಮುಗಿದದ್ದು ಪರದೆ ಆರಿದಾಗಲೇ ಗೊತ್ತಾಗುತ್ತದೆ. ‘ಎಕ್ಸ್‌ಎಫ್‌ಸಿಇ4-ಪವರ್-ಮ್ಯಾನೇಜರ್’ ಐ3ಯಲ್ಲೂ ಚೆನ್ನಾಗಿ ಓಡುತ್ತದೆ. ಅದರ ಸೆಟ್ಟಿಂಗ್‌ನಲ್ಲಿ ಕನಿಷ್ಠ ಮಟ್ಟ 20 ಪರ್ಸೆಂಟ್ ಇಡಿ. ಹಳೇ ಬ್ಯಾಟರಿಗಳಲ್ಲಿ 10 ಎಂದು ತೋರಿಸಿದ್ದು ಎರಡು ನಿಮಿಷಕ್ಕೆ ಸೊನ್ನೆಯಾಗಬಹುದು. ಜೊತೆಗೇ ಲಿಬ್ರೆಆಫೀಸ್‌ನ ಟೂಲ್ಸ್, ಆಪ್ಷನ್ಸ್, ಲೋಡ್/ಸೇವ್, ಜನರಲ್‌ಗೆ ಹೋಗಿ ತಾನಾಗಿ ಉಳಿಸುವ ಅವಧಿಯನ್ನು 10 ನಿಮಿಷದಿಂದ 2ಕ್ಕೆ ಇಳಿಸಿ. ಡೆಸ್ಕ್‌ಟಾಪ್‌ನವರಿಗೂ ಇದು ಬೇಕು.

ಬೀಗ. ಕಾನ್ಫಿಗ್‌ನಲ್ಲಿ ಈ ಸಾಲು ಸೇರಿಸಿ: ‘ಬೈಂಡ್‌ಸಿಮ್ $ಮಾಡ್+ಶಿಫ್ಟ್+ಎಕ್ಸ್ ಎಕ್ಸೆಕ್ --ನೋ-ಸ್ಟಾರ್ಟಪ್-ಐಡಿ ಐ3ಲಾಕ್’. ಒತ್ತಿದರೆ ಇಡೀ ಪರದೆ ಒಂದೇ ಬಣ್ಣವಾಗುತ್ತದೆ, ಪಾಸ್‌ವರ್ಡ್ ಹಾಕುವ ಪೆಟ್ಟಿಗೆ ಕಾಣುವುದಿಲ್ಲ. ಕಂಪ್ಯೂಟರ್ ಹ್ಯಾಂಗ್ ಆಯಿತೆಂದು ಪವರ್ ಬಟನ್ ಅದುಮಿ ಹಿಡಿಯಬೇಡಿ. ಪಾಸ್‌ವರ್ಡ್ ಟೈಪ್ ಮಾಡಿ ಎಂಟರ್ ಒತ್ತಿ, ತೆರೆದುಕೊಳ್ಳುತ್ತದೆ. ಲ್ಯಾಪ್‌ಟಾಪ್ ಮಲಗಿ ಎದ್ದಾಗಲೂ ಬೀಗ ಬೀಳಲು ಎಕ್ಸ್‌ಎಸ್‌ಎಸ್-ಲಾಕ್ ಬೇಕು. ಅದರ ಸಾಲು ಕಾನ್ಫಿಗ್‌ನಲ್ಲಿ ಸಾಮಾನ್ಯವಾಗಿ ಮೊದಲೇ ಇರುತ್ತದೆ.

ಸಣ್ಣಪುಟ್ಟವು. ಅಂಕಿ ಹೊಡೆಯುವ ಕೆಲಸದವರಿಗೆ ‘ನಮ್‌ಲಾಕ್‌ಎಕ್ಸ್ ಆನ್’. ಧ್ವನಿಯ ಕೀಗಳು ಮೊದಲೇ ಕೆಲಸ ಮಾಡುತ್ತವೆ, ಆದರೆ 100 ಪರ್ಸೆಂಟ್ ದಾಟಿಯೂ ಏರುತ್ತವೆ, ಸಣ್ಣ ಸ್ಪೀಕರ್ ಒಡೆದ ಸದ್ದು ಮಾಡಿದರೆ ಇಳಿಸಿ. ಟಚ್‌ಪ್ಯಾಡ್ ಮೇಲೆ ತಟ್ಟಿದರೆ ಕ್ಲಿಕ್ ಆಗುತ್ತಿಲ್ಲವೆಂದರೆ ಆ ಸೆಟ್ಟಿಂಗ್ ಎಕ್ಸ್‌ಎಫ್‌ಸಿಇಯದಾಗಿತ್ತು. ‘ಎಕ್ಸ್‌ಇನ್‌ಪುಟ್ ಲಿಸ್ಟ್’ ಕೊಟ್ಟು ಟಚ್‌ಪ್ಯಾಡ್‌ನ ಸಂಖ್ಯೆ ತಿಳಿದು, ‘ಎಕ್ಸ್‌ಇನ್‌ಪುಟ್ ಸೆಟ್-ಪ್ರಾಪ್’ ಮೂಲಕ ಲಿಬ್‌ಇನ್‌ಪುಟ್‌ನ ಟ್ಯಾಪಿಂಗ್ ಎನೇಬಲ್ಡ್ ಗುಣವನ್ನು 1 ಮಾಡಬೇಕು.

## ಹಂತ 6: ಕನ್ನಡ

ಇಲ್ಲಿ ಮೂರು ಬೇರೆ ಬೇರೆ ಸಮಸ್ಯೆಗಳಿವೆ. ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ಹತ್ತುವುದಿಲ್ಲ.

### ಟೈಪ್ ಆಗಬೇಕು

1. ಕನ್ನಡ ಟೈಪ್ ಮಾಡಿಸುವ ಪ್ರೋಗ್ರಾಂ ಐಬಸ್. ‘ಐಎಂ-ಕಾನ್ಫಿಗ್ -ಎನ್ ಐಬಸ್’ ಕೊಟ್ಟು ಲಾಗ್‌ಔಟ್ ಆಗಿ ಬನ್ನಿ. ಯಾವ ಆಪ್ ಯಾರ ಬಳಿ ಕನ್ನಡ ಕೇಳಬೇಕು ಎಂಬ ಮೂರು ಪರಿಸರ ಚರಗಳನ್ನು ಇದೇ ಹೊಂದಿಸುತ್ತದೆ.
2. ‘ಐಬಸ್-ಸೆಟಪ್’ ತೆರೆದು, ಇನ್‌ಪುಟ್ ಮೆಥಡ್ ಭಾಗದಲ್ಲಿ ಕನ್ನಡದ ಕೆಳಗೆ ಕೆಜಿಪಿ ಎಂಬ ಕೀಬೋರ್ಡ್ ಲೇಔಟನ್ನು ಸೇರಿಸಿ. ನುಡಿ ತಂತ್ರಾಂಶದಲ್ಲಿ ಕೈ ಕೂತವರಿಗೆ ಹೊಂದುವುದು ಇದೇ.
3. ಐಬಸ್‌ನ ಗುರುತು ಪಟ್ಟಿಯಲ್ಲಿ ಕಾಣದಿದ್ದರೆ ‘ಐಬಸ್-ಡೀಮನ್ -ಡಿಆರ್‌ಎಕ್ಸ್’ ಎಂದು ಎಕ್ಸೆಕ್ ಸಾಲು ಸೇರಿಸಿ.
4. ಮೌಸ್‌ಪ್ಯಾಡ್ (ಎಕ್ಸ್‌ಎಫ್‌ಸಿಇಯ ಪಠ್ಯ ಬರೆಯುವ ಆಪ್) ತೆರೆದು ಪರೀಕ್ಷಿಸಿ: ಬಿ, ದೊಡ್ಡ ಎಲ್, ಎಫ್, ದೊಡ್ಡ ಎಲ್, ದೊಡ್ಡ ಎ, ಆರ್, ಐ. ‘ಬಳ್ಳಾರಿ’ ಮೂಡಬೇಕು. ಒತ್ತಕ್ಷರಕ್ಕೆ ಎಫ್ ಎಂಬುದು ನುಡಿಯವರಿಗೆ ಹೇಳಬೇಕಿಲ್ಲ.

ಈಗ ಬರುತ್ತದೆ ನಿಜವಾದ ತಕರಾರು. ಐಬಸ್ ಭಾಷೆ ಬದಲಿಸುವ ಕೀ ವಿನ್+ಸ್ಪೇಸ್. ಐ3ಯಲ್ಲಿ ಮಾಡ್+ಸ್ಪೇಸ್ ಬೇರೆ ಕೆಲಸಕ್ಕೆ ಮೀಸಲು: ತೇಲುವ ಕಿಟಕಿ ಮತ್ತು ಜೋಡಿಸಿದ ಕಿಟಕಿಗಳ ನಡುವೆ ಗಮನ ಬದಲಿಸುವುದು. ಕೀಯನ್ನು ಮೊದಲು ಹಿಡಿದುಕೊಂಡ ಐ3 ಅದನ್ನು ಐಬಸ್‌ಗೆ ಬಿಟ್ಟುಕೊಡುವುದಿಲ್ಲ. ಎಲ್ಲ ಸರಿಯಿದ್ದೂ ಕನ್ನಡಕ್ಕೆ ಹೊರಳುತ್ತಿಲ್ಲ ಎಂದರೆ ಕಾರಣ ಹೆಚ್ಚಾಗಿ ಇದೇ. ಕಾನ್ಫಿಗ್‌ನಲ್ಲಿ ‘ಫೋಕಸ್ ಮೋಡ್_ಟಾಗಲ್’ ಎಂದು ಮುಗಿಯುವ ಸಾಲಿನ ಮುಂದೆ ಹ್ಯಾಶ್ ಚಿಹ್ನೆ ಹಾಕಿ, ಕಡತ ಮತ್ತೆ ಓದಿಸಿ. ಐಬಸ್‌ನ ಕೀಯನ್ನೇ ಕಂಟ್ರೋಲ್+ಸ್ಪೇಸ್‌ಗೆ ಬದಲಿಸುವವರೂ ಇದ್ದಾರೆ. ಆದರೆ ಕ್ಯಾಲ್ಕ್‌ನಲ್ಲಿ ಅದು ಇಡೀ ಕಾಲಂ ಆರಿಸುವ ಕೀ, ಲೆಕ್ಕಪತ್ರದ ಕೆಲಸ ಇರುವವರಿಗೆ ಅಡ್ಡ ಬರುತ್ತದೆ.

ಐಬಸ್ ಬೇಡ, ‘ಸೆಟ್‌ಎಕ್ಸ್‌ಕೆಬಿಮ್ಯಾಪ್’ನಿಂದ ಕನ್ನಡ ಲೇಔಟ್ ಹಾಕಿಕೊಳ್ಳುತ್ತೇನೆ ಎನ್ನುವವರಿಗೆ ಒಂದು ಎಚ್ಚರಿಕೆ: ಲೇಔಟ್ ಕನ್ನಡದಲ್ಲಿ ಇರುವಾಗ ಐ3ಲಾಕ್ ಬಿದ್ದರೆ ನಿಮ್ಮ ಇಂಗ್ಲಿಷ್ ಪಾಸ್‌ವರ್ಡ್ ಕನ್ನಡ ಅಕ್ಷರಗಳಾಗಿ ಹೋಗುತ್ತದೆ, ಬೀಗ ತೆರೆಯುವುದಿಲ್ಲ. ಐಬಸ್‌ನಲ್ಲಿ ಈ ಅಪಾಯವಿಲ್ಲ.

### ಕಾಣಬೇಕು

ಪಟ್ಟಿಯಲ್ಲಿ ಕನ್ನಡದ ಬದಲು ಚೌಕಗಳು ಕಂಡರೆ ಫಾಂಟ್ ಇಲ್ಲ. ಹಂತ 1ರ ಕನ್ನಡ ಫಾಂಟ್ ಪ್ಯಾಕೇಜ್ ಹಾಕಿದ್ದೀರಾ ನೋಡಿ. ಕಾನ್ಫಿಗ್‌ನ ಫಾಂಟ್ ಸಾಲು ‘ಪ್ಯಾಂಗೋ:’ ಎಂದು ಶುರುವಾಗಬೇಕು. ಹಳೇ ಶೈಲಿಯ ಎಕ್ಸ್ ಫಾಂಟ್ ಹೆಸರು ಅಲ್ಲಿದ್ದರೆ ಕನ್ನಡ ಸರಿಯಾಗಿ ಮೂಡುವುದಿಲ್ಲ. ಅಳತೆ 8 ಇರುತ್ತದೆ. ಕನ್ನಡದ ಒತ್ತುಗಳು ಆ ಅಳತೆಯಲ್ಲಿ ಓದಲಾಗದು, 11 ಮಾಡಿ.

ಅಕ್ಷರಗಳು ಬಂದರೂ ಒತ್ತು, ಗುಣಿತ ಚದುರಿ ಬಿದ್ದಂತೆ ಕಂಡರೆ ಅದು ಫಾಂಟಿನ ದೋಷವಲ್ಲ. ಡಿಮೆನು ಅಕ್ಷರಗಳನ್ನು ಕೂಡಿಸದೆ ಒಂದರ ಪಕ್ಕ ಒಂದು ಇಡುತ್ತದೆ. ಎಕ್ಸ್‌ಟರ್ಮ್‌ನಲ್ಲೂ ಹಾಗೇ. ಡಿಮೆನು ಬದಲಿಗೆ ರೋಫಿ ಬಳಸಿ: ಮಾಡ್+ಡಿ ಸಾಲಿನಲ್ಲಿ ‘ಡಿಮೆನು_ರನ್’ ಇರುವಲ್ಲಿ ‘ರೋಫಿ -ಶೋ ಡಿರನ್’ ಎಂದು ಬರೆದರೆ ಆಯಿತು. ಟರ್ಮಿನಲ್‌ನಲ್ಲಿ ಕನ್ನಡ ಸರಿಪಡಿಸಲು ಹೋಗಿ ಸಮಯ ಕಳೆಯಬೇಡಿ, ಕನ್ನಡ ಕಡತಗಳನ್ನು ಮೌಸ್‌ಪ್ಯಾಡ್ ಅಥವಾ ಲಿಬ್ರೆಆಫೀಸ್‌ನಲ್ಲಿ ತೆರೆಯಿರಿ.

### ಹಳೇ ಕಡತಗಳು

ಡಿಟಿಪಿ ಅಂಗಡಿಯ ಹಳೇ ಲಗ್ನಪತ್ರಿಕೆ ತೆರೆದಾಗ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಂಡರೆ ಆ ಕಡತ ಯುನಿಕೋಡ್‌ಗಿಂತ ಹಿಂದಿನ ನುಡಿ ಫಾಂಟ್‌ಗಳಲ್ಲಿ ಮಾಡಿದ್ದು. ಅದನ್ನು ಯುನಿಕೋಡ್‌ಗೆ ಪರಿವರ್ತಿಸಬೇಕು. ಐ3ಗೂ ಅದಕ್ಕೂ ಸಂಬಂಧವಿಲ್ಲ, ಎಕ್ಸ್‌ಎಫ್‌ಸಿಇಯಲ್ಲೂ ಅದು ಹಾಗೇ ಕಾಣುತ್ತದೆ.

## ಹಂತ 7: ಕೆಲಸಕ್ಕೆ ತಕ್ಕ ವರ್ಕ್‌ಸ್ಪೇಸ್

ಆನ್‌ಲೈನ್ ಸೆಂಟರ್‌ನ ಕೆಲಸ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. 1ರಲ್ಲಿ ಸೇವಾ ಸಿಂಧು ಅಥವಾ ಪಹಣಿಯ ಪುಟ ಇರುವ ಬ್ರೌಸರ್, 2ರಲ್ಲಿ ಗಿರಾಕಿಯ ದಾಖಲೆಗಳ ಥೂನಾರ್, 3ರಲ್ಲಿ ಸ್ಕ್ಯಾನ್, 4ರಲ್ಲಿ ಲಿಬ್ರೆಆಫೀಸ್. ಅರ್ಜಿಯಿಂದ ಸ್ಕ್ಯಾನ್‌ಗೆ ಹೋಗಿ ಬರುವುದು ಎರಡು ಕೀ ಒತ್ತುವ ಕೆಲಸ. ಕಾನ್ಫಿಗ್‌ನಲ್ಲಿ ‘ಸೆಟ್ $ಡಬ್ಲ್ಯೂಎಸ್1’ ಎಂಬ ಸಾಲಿನಲ್ಲಿ "1" ಇರುವಲ್ಲಿ "1: ಅರ್ಜಿ" ಎಂದು ಬರೆಯಬಹುದು. ಅಂಕಿ ಮೊದಲಿಗೇ ಇರಲಿ, ಅಂಕಿ ತೆಗೆದುಬಿಟ್ಟರೆ ಮಾಡ್+1 ಆ ವರ್ಕ್‌ಸ್ಪೇಸ್‌ನ್ನು ಗುರುತಿಸುವುದಿಲ್ಲ.

ಆಪ್ ತಾನಾಗಿ ತನ್ನ ವರ್ಕ್‌ಸ್ಪೇಸ್‌ನಲ್ಲಿ ತೆರೆಯಲು ‘ಅಸೈನ್’ ಸಾಲು ಬೇಕು, ಅದಕ್ಕೆ ಆಪ್‌ನ ಕ್ಲಾಸ್ ಹೆಸರು ಬೇಕು. ಅಂದಾಜಿನಲ್ಲಿ ಬರೆಯಬೇಡಿ. ಟರ್ಮಿನಲ್‌ನಲ್ಲಿ ‘ಎಕ್ಸ್‌ಪ್ರಾಪ್’ ಕೊಟ್ಟು ಆ ಕಿಟಕಿಯ ಮೇಲೆ ಒಮ್ಮೆ ಒತ್ತಿ. ‘ಡಬ್ಲ್ಯೂಎಂ_ಕ್ಲಾಸ್’ ಸಾಲಿನಲ್ಲಿ ಎರಡು ಹೆಸರು ಬರುತ್ತವೆ, ಬೇಕಾದ್ದು ಎರಡನೆಯದು. ಡೆಬಿಯನ್‌ನ ಫೈರ್‌ಫಾಕ್ಸ್‌ಗೆ ಅಲ್ಲಿ ಬಾಲಕ್ಕೆ ಇಎಸ್‌ಆರ್ ಇರುತ್ತದೆ. ದೊಡ್ಡಕ್ಷರ, ಸಣ್ಣಕ್ಷರ ಕಂಡಂತೆಯೇ ಬರೆಯಬೇಕು. ಕೆಲವು ಆಪ್‌ಗಳು ಕಿಟಕಿ ತೆರೆದ ಮೇಲೆ ತಮ್ಮ ಹೆಸರು ಹಾಕಿಕೊಳ್ಳುತ್ತವೆ. ಅಂಥವಕ್ಕೆ ಅಸೈನ್ ಕೆಲಸ ಮಾಡದು, ‘ಫಾರ್_ವಿಂಡೋ’ ಬಳಸಿ.

ಕ್ಯಾಲ್ಕುಲೇಟರ್‌ನಂಥ ಪುಟ್ಟ ಆಪ್ ಇಡೀ ಅರ್ಧ ಪರದೆ ತುಂಬಿ ನಿಂತರೆ ಮಾಡ್+ಶಿಫ್ಟ್+ಸ್ಪೇಸ್ ಒತ್ತಿ ತೇಲಿಸಿ.

## ಹಂತ 8: ಪಟ್ಟಿ, ಬಿಸಿ, ರ‍್ಯಾಮ್

ಐ3ಸ್ಟೇಟಸ್‌ನ ಕಡತವನ್ನು ಇಟಿಸಿಯಿಂದ ನಿಮ್ಮ ‘.ಕಾನ್ಫಿಗ್/ಐ3ಸ್ಟೇಟಸ್/ಕಾನ್ಫಿಗ್’ಗೆ ನಕಲು ಮಾಡಿ ತಿದ್ದಿ. ಕೆಂಪಗೆ ಕಾಣುವ ಐಪಿವಿ6 ಸಾಲು ತೆಗೆದುಹಾಕಿ. ‘ಸಿಪಿಯು_ಟೆಂಪರೇಚರ್ 0’ ಸೇರಿಸಿ. ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿ ಕಡೆ ಕೋಣೆಯ ಬಿಸಿಲೇ 40 ಡಿಗ್ರಿ ಮುಟ್ಟುವಾಗ, ಧೂಳು ತುಂಬಿದ ಫ್ಯಾನಿನ ಯಂತ್ರ ಸುಮ್ಮನೆ ಕೂತಿದ್ದರೂ 70 ದಾಟಿದರೆ ಸ್ಕ್ರೂಡ್ರೈವರ್, ಬ್ರಷ್ ಹಿಡಿಯುವ ಹೊತ್ತಾಯಿತು. ಆ ನಿಧಾನಕ್ಕೆ ಯಾವ ವಿಂಡೋ ಮ್ಯಾನೇಜರೂ ಮದ್ದಲ್ಲ.

ರ‍್ಯಾಮ್ ಬಗ್ಗೆ ಸ್ಪಷ್ಟವಾಗಿರಲಿ: ಐ3ಯಿಂದ ಉಳಿಯುವುದು ಕೆಲವು ನೂರು ಎಂಬಿ. ಹತ್ತು ಟ್ಯಾಬ್ ತೆರೆದ ಬ್ರೌಸರ್ ಅದನ್ನು ಒಂದು ಗುಕ್ಕಿಗೆ ನುಂಗುತ್ತದೆ. 4 ಜಿಬಿಯವರು ‘ಜಡ್‌ರ‍್ಯಾಮ್-ಟೂಲ್ಸ್’ (ರ‍್ಯಾಮ್‌ನಲ್ಲಿರುವುದನ್ನು ಕುಗ್ಗಿಸಿ ಇಡಲು) ಹಾಕಿ, ಇಟಿಸಿ/ಡೀಫಾಲ್ಟ್‌ನ ‘ಜಡ್‌ರ‍್ಯಾಮ್‌ಸ್ವಾಪ್’ ಕಡತದಲ್ಲಿ ಪರ್ಸೆಂಟ್ ಎಂಬುದನ್ನು 50 ಮಾಡಿದರೆ ಒತ್ತಡದಲ್ಲಿ ಯಂತ್ರ ತಡೆದುಕೊಳ್ಳುತ್ತದೆ.

## ಅಪಾಯದ ಗುರುತುಗಳು

ಪಟ್ಟಿಯಲ್ಲಿ ಸ್ಟೇಟಸ್ ಕಮ್ಯಾಂಡ್ ಸಿಗಲಿಲ್ಲ, 127 ಎಂಬ ಎರರ್. ಐ3ಸ್ಟೇಟಸ್ ಇನ್‌ಸ್ಟಾಲ್ ಆಗಿಲ್ಲ, ಅಥವಾ ಕಾನ್ಫಿಗ್‌ನಲ್ಲಿ ಹೆಸರು ತಪ್ಪಿದೆ.

ಪಾಸ್‌ವರ್ಡ್ ಸರಿ, ಆದರೂ ಮತ್ತೆ ಲಾಗಿನ್ ಪರದೆಗೇ ಬಂದು ನಿಲ್ಲುತ್ತದೆ. ಕಂಟ್ರೋಲ್+ಆಲ್ಟ್+ಎಫ್3 ಒತ್ತಿ ಪಠ್ಯದ ಪರದೆಗೆ ಹೋಗಿ ಲಾಗಿನ್ ಆಗಿ. ‘ಡಿಎಫ್ -ಎಚ್’ ಕೊಟ್ಟು ಡಿಸ್ಕ್ ತುಂಬಿದೆಯೇ ನೋಡಿ, ಸ್ಕ್ಯಾನ್ ಕಡತಗಳು ರಾಶಿ ಬಿದ್ದ ಯಂತ್ರದಲ್ಲಿ ಇದು ಸಾಮಾನ್ಯ. ಜಾಗವಿದ್ದರೆ ಹೋಮ್‌ನಲ್ಲಿರುವ ‘.ಎಕ್ಸ್‌ಸೆಷನ್-ಎರರ್ಸ್’ ಕಡತದ ಕೊನೆಯ ಸಾಲುಗಳನ್ನು ಓದಿ.

ಯಾವ ಕೀಯೂ ಕೆಲಸ ಮಾಡುತ್ತಿಲ್ಲ. ಪಟ್ಟಿಯಲ್ಲಿ ‘ರೀಸೈಜ್’ ಎಂದಿದೆಯೇ? ಮಾಡ್+ಆರ್ ಕೈತಪ್ಪಿ ಒತ್ತಿದ್ದೀರಿ. ಎಸ್ಕೇಪ್ ಒತ್ತಿ. ಹಾಗಿಲ್ಲದಿದ್ದರೆ ಮೇಲೆ ಹೇಳಿದ ಎಫ್3 ದಾರಿಯಿಂದಲೇ ಹೋಗಿ ನ್ಯಾನೋದಲ್ಲಿ (ಪಠ್ಯದ ಪರದೆಯಲ್ಲೇ ಓಡುವ ಎಡಿಟರ್) ಕಾನ್ಫಿಗ್ ತೆರೆದು ಕೊನೆಯ ಬದಲಾವಣೆ ತೆಗೆಯಿರಿ.

## ಎಕ್ಸ್‌ಎಫ್‌ಸಿಇ ತೆಗೆಯಬೇಕೇ?

ಬಳಸದ ಡೆಸ್ಕ್‌ಟಾಪ್ ರ‍್ಯಾಮ್ ತಿನ್ನುವುದಿಲ್ಲ, ಡಿಸ್ಕ್‌ನಲ್ಲಿ ಸ್ವಲ್ಪ ಜಾಗ ಹಿಡಿದಿರುತ್ತದೆ ಅಷ್ಟೇ. ವೇಗ ಹೆಚ್ಚಲೆಂದು ತೆಗೆಯುವುದಾದರೆ ಆ ಶ್ರಮ ಬೇಡ. ಜಾಗವೇ ಇಲ್ಲದೆ ತೆಗೆಯಲೇಬೇಕಾದರೆ, ‘ಆಟೋರಿಮೂವ್’ ಕೊಟ್ಟಾಗ ಬರುವ ಪಟ್ಟಿಯನ್ನು ಪೂರ್ತಿ ಓದದೆ ವೈ ಒತ್ತಬೇಡಿ. ಎನ್‌ಎಂ-ಆಪ್ಲೆಟ್, ಲೈಟ್‌ಡಿಎಂ (ಲಾಗಿನ್ ಪರದೆ), ಥೂನಾರ್, ಪ್ರಿಂಟರ್ ಸೆಟ್ಟಿಂಗ್ ಇವೆಲ್ಲ ಎಕ್ಸ್‌ಎಫ್‌ಸಿಇಯ ಬೆನ್ನಿಗೆ ಬಂದವು, ಅದರ ಜೊತೆಗೇ ಹೊರಟುಹೋಗಬಹುದು. ಬೇಕಾದವುಗಳ ಹೆಸರು ಹಾಕಿ ‘ಸುಡೋ ಆಪ್ಟ್-ಮಾರ್ಕ್ ಮ್ಯಾನ್ಯುಅಲ್’ ಕೊಟ್ಟ ಮೇಲೆ ಆ ಪಟ್ಟಿ ಮತ್ತೊಮ್ಮೆ ತರಿಸಿ ನೋಡಿ, ಅವು ಅದರಲ್ಲಿ ಇಲ್ಲವೆಂದು ಖಚಿತವಾದ ಮೇಲೆ ಮುಂದುವರಿಯಿರಿ.